ಕಬ್ಬಿಣದೊಳಗಿನ ಹುಣಿಗಳು: ಸರಳು ಬಾಗುವುದೇಕೆ, ತಡೆಯುವುದೇಕೆ?

ಮಳೆ ಬಿಟ್ಟ ಕೂಡಲೇ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮನೆ ಕಟ್ಟುವ ಕೆಲಸ ಶುರುವಾಗುತ್ತದೆ. ಕೆಂಪುಕಲ್ಲಿನ ಗೋಡೆ ಎದ್ದು ಸ್ಲ್ಯಾಬಿಗೆ ಸರಳು ಹಾಸುವ ದಿನ ಒಮ್ಮೆ ಮೇಲೆ ಹತ್ತಿ ನೋಡಿ. ಸರಳನ್ನು ಬಾಗಿಸುವವರು ಅದಕ್ಕೆ ಉದ್ದದ ಹಿಡಿ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕುತ್ತಾರೆ. ಅದೇ ಸರಳುಗಳನ್ನು ಕಟ್ಟುವ ಬೈಂಡಿಂಗ್ ವೈರನ್ನು ಮಾತ್ರ ಕೊಕ್ಕೆಯಲ್ಲಿ ಎರಡು ಸುತ್ತು ತಿರುವಿ ಮುಗಿಸುತ್ತಾರೆ.

ವೈರು ತೆಳ್ಳಗಿದೆಯಲ್ಲ, ಅದಕ್ಕೇ ಸುಲಭ ಎಂದು ನೀವು ಹೇಳಬಹುದು. ಅದು ಅರ್ಧ ಉತ್ತರ. ಅಷ್ಟೇ ತೆಳುವಾದ ಸ್ಪ್ರಿಂಗಿನ ತಂತಿಯನ್ನು ಹಾಗೆ ತಿರುವಲು ನೋಡಿ, ಅದು ಕೈಯಿಂದ ಜಿಗಿದು ಮೊದಲಿನ ಆಕಾರಕ್ಕೇ ಮರಳುತ್ತದೆ. ಸರಳು, ಬೈಂಡಿಂಗ್ ವೈರು, ಸ್ಪ್ರಿಂಗು ಮೂರೂ ಬಹುಪಾಲು ಕಬ್ಬಿಣವೇ. ಸೇರಿದ ಇಂಗಾಲ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಉಳಿದ ವ್ಯತ್ಯಾಸವೆಲ್ಲ ಒಳಗಿನ ಜೋಡಣೆಯಲ್ಲಿದೆ. ಆ ಜೋಡಣೆ ಏನೆಂದು ಗೊತ್ತಾದರೆ ಸರಳು ಕೊಳ್ಳುವಾಗ ಯಾವ ಗ್ರೇಡು ಕೇಳಬೇಕು, ಸೈಟಿನಲ್ಲಿ ಏನು ಮಾಡಬಾರದು ಎಂಬುದೂ ತಾನಾಗಿ ತಿಳಿಯುತ್ತದೆ.

ಲೋಹದೊಳಗೆ ಗದ್ದೆಗಳಿವೆ

ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ನಿಂತು ಕೆಳಗೆ ನೋಡಿದವರಿಗೆ ಗದ್ದೆಗಳ ತುಂಡು ತುಂಡು ನೋಟ ನೆನಪಿರುತ್ತದೆ. ಒಂದೊಂದು ಗದ್ದೆಗೆ ಒಂದೊಂದು ಆಕಾರ. ನಡುವೆ ಹುಣಿ. ತುಳುವಿನಲ್ಲಿ ಪುಣಿ ಎನ್ನುತ್ತಾರೆ. ಸಾಲು ಹಿಡಿದು ನೇಜಿ ನೆಟ್ಟ ಗದ್ದೆಯಾದರೆ ಒಳಗೆಲ್ಲ ಸಾಲು ನೆಟ್ಟಗಿರುತ್ತದೆ. ಪಕ್ಕದ ಗದ್ದೆಯಲ್ಲೂ ನೆಟ್ಟಗೇ ಇರುತ್ತದೆ, ಆದರೆ ದಿಕ್ಕು ಬೇರೆ. ಎರಡು ದಿಕ್ಕುಗಳು ಸೇರುವ ಜಾಗವೇ ಹುಣಿ.

ಲೋಹದ ಒಳಗೂ ಹೀಗೆಯೇ ಇದೆ. ಪರಮಾಣುಗಳು ನೇಜಿಯಂತೆ ಸಾಲಾಗಿ ಕೂತಿರುತ್ತವೆ. ಹೀಗೆ ಕ್ರಮವಾಗಿ ಕೂತ ವಸ್ತುವನ್ನು ಸ್ಫಟಿಕ ಅಥವಾ ಕ್ರಿಸ್ಟಲ್ ಎನ್ನುತ್ತಾರೆ. ಉಪ್ಪು, ಸಕ್ಕರೆ ಹರಳುಗಳಂತೆ ಕಬ್ಬಿಣ, ತಾಮ್ರ, ಸತು ಕೂಡ ಸ್ಫಟಿಕಗಳೇ. ಆದರೆ ಒಂದು ಸರಳು ಎಂದರೆ ಒಂದೇ ದೊಡ್ಡ ಸ್ಫಟಿಕವಲ್ಲ. ಕೋಟಿಗಟ್ಟಲೆ ಪುಟ್ಟ ಸ್ಫಟಿಕಗಳು ಒತ್ತಾಗಿ ಸೇರಿ ಸರಳಾಗಿದೆ. ಒಂದೊಂದು ಪುಟ್ಟ ಸ್ಫಟಿಕವನ್ನು ಗ್ರೇನ್, ಎಂದರೆ ಕಣ, ಎಂದು ಕರೆಯುತ್ತಾರೆ. ಎರಡು ಕಣಗಳ ನಡುವಿನ ಗಡಿಯೇ ಗ್ರೇನ್ ಬೌಂಡರಿ. ನಾವು ಅದನ್ನು ಹುಣಿ ಎಂದೇ ಕರೆಯೋಣ.

ಇದೆಲ್ಲ ಎಷ್ಟು ಸಣ್ಣದು? ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಒಳ್ಳೆಯ ಉಕ್ಕಿನ ಕಣ 10 ಮೈಕ್ರಾನಿನ ಆಸುಪಾಸು. ಹಾಗಾದರೆ ಒಂದು ಘನ ಮಿಲಿಮೀಟರಿನಲ್ಲಿ, ಎಂದರೆ ಸಾಸಿವೆಗಿಂತ ಚಿಕ್ಕ ತುಣುಕಿನಲ್ಲಿ, ಸುಮಾರು 10 ಲಕ್ಷ ಕಣಗಳು. ಒಂದು ಕಣದ ಅಡ್ಡಗಲಕ್ಕೆ ಸುಮಾರು 40 ಸಾವಿರ ಪರಮಾಣುಗಳು. ಹುಣಿಯ ಅಗಲ ಮಾತ್ರ ಎರಡು ಮೂರು ಪರಮಾಣುಗಳಷ್ಟೇ.

ಇದನ್ನು ಬರಿಗಣ್ಣಿನಿಂದ ನೋಡಬಹುದೇ? ಒಂದು ಕಡೆ ನೋಡಬಹುದು. ಹಳೆಯ ಕಾಲದ ಸತು ಬಳಿದ ಬಕೆಟು ಅಥವಾ ಶೀಟಿನ ಮೇಲೆ ಹೂವಿನಂತೆ, ಜರಿಯಂತೆ ಮಿನುಗುವ ಚಿತ್ತಾರ ಇರುತ್ತದಲ್ಲ, ಅದರ ಒಂದೊಂದು ತುಂಡೂ ಸತುವಿನ ಒಂದೊಂದು ಕಣ. ಕರಗಿದ ಸತು ಆರುವಾಗ ಅಲ್ಲಲ್ಲಿ ಸ್ಫಟಿಕ ಹುಟ್ಟಿ, ಬೆಳೆದು, ಪಕ್ಕದ್ದಕ್ಕೆ ತಾಗಿ ನಿಂತ ಗೆರೆಗಳೇ ಅಲ್ಲಿ ಕಾಣುವ ಹುಣಿಗಳು. ಬಹಳ ವರ್ಷ ಕೈ ತಾಗಿ ಸವೆದ ಹಿತ್ತಾಳೆಯ ಬಾಗಿಲ ಹಿಡಿಯಲ್ಲೂ ಕೆಲವೊಮ್ಮೆ ಇಂಥ ತುಂಡುಗಳು ಕಾಣುತ್ತವೆ. ಅಂಗೈಯ ಬೆವರು ನಿಧಾನವಾಗಿ ಲೋಹವನ್ನು ತಿಂದು ಕಣಗಳನ್ನು ಬಿಡಿಸಿ ತೋರಿಸುತ್ತದೆ.

ಲೋಹ ಬಾಗುವುದು ಹೇಗೆ?

ಈಗ ಮುಖ್ಯ ಪ್ರಶ್ನೆ. ಸರಳನ್ನು ಬಾಗಿಸುವಾಗ ಒಳಗೆ ಏನಾಗುತ್ತದೆ? ಪರಮಾಣುಗಳ ಒಂದು ಪದರ ಇನ್ನೊಂದು ಪದರದ ಮೇಲೆ ಜಾರುತ್ತದೆ. ಇಷ್ಟನ್ನು ವಿಜ್ಞಾನಿಗಳು ಬಹಳ ಹಿಂದೆಯೇ ಊಹಿಸಿದ್ದರು. 1926ರಲ್ಲಿ ರಷ್ಯದ ಯಾಕೋವ್ ಫ್ರೆಂಕೆಲ್ ಒಂದು ಲೆಕ್ಕ ಹಾಕಿದರು. ಇಡೀ ಪದರ ಒಟ್ಟಿಗೆ ಜಾರಬೇಕಾದರೆ ಎಷ್ಟು ಬಲ ಬೇಕು ಎಂಬ ಲೆಕ್ಕ. ಉತ್ತರ ನೋಡಿದರೆ, ಶುದ್ಧ ಮೆದು ಲೋಹಗಳು ಅದರ ಸಾವಿರದಲ್ಲಿ ಒಂದು ಪಾಲು ಬಲಕ್ಕೇ ಬಾಗುತ್ತಿದ್ದವು. ಲೆಕ್ಕ ಸರಿಯಿತ್ತು. ಹಾಗಾದರೆ ಪದರ ಒಟ್ಟಿಗೆ ಜಾರುತ್ತಿಲ್ಲ ಎಂದಾಯಿತು.

1934ರಲ್ಲಿ ಜೆಫ್ರಿ ಟೇಲರ್, ಎಗಾನ್ ಒರೋವಾನ್, ಮೈಕೆಲ್ ಪೊಲಾನಿ ಎಂಬ ಮೂವರು ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಸ್ಫಟಿಕದ ಸಾಲುಗಳಲ್ಲಿ ತಪ್ಪುಗಳಿವೆ, ಆ ತಪ್ಪುಗಳು ಜರುಗುತ್ತವೆ ಎಂದರು. ಈ ತಪ್ಪಿಗೆ ಡಿಸ್‌ಲೊಕೇಶನ್ ಎಂದು ಹೆಸರು. ಕನ್ನಡದಲ್ಲಿ ಸಾಲುತಪ್ಪು ಎನ್ನೋಣ.

ಗದ್ದೆಯನ್ನೇ ನೆನೆಸಿಕೊಳ್ಳಿ. ಮೇಲಿನ ಅರ್ಧದಲ್ಲಿ ನೂರೊಂದು ಸಾಲು ನೇಜಿ ನೆಟ್ಟಿದ್ದಾರೆ, ಕೆಳಗಿನ ಅರ್ಧದಲ್ಲಿ ನೂರೇ ಸಾಲು. ಒಂದು ಸಾಲು ಗದ್ದೆಯ ನಡುವೆಯೇ ನಿಂತುಹೋಗಿದೆ. ಆ ತುದಿಯ ಸುತ್ತ ಸಾಲುಗಳು ಸ್ವಲ್ಪ ಸೊಟ್ಟಗಾಗುತ್ತವೆ. ಲೋಹದಲ್ಲಿ ಆ ತುದಿಯೇ ಸಾಲುತಪ್ಪು. ಬಲ ಬಿದ್ದಾಗ ಈ ಒಂಟಿ ಸಾಲು ಪಕ್ಕದ ಸಾಲಿನ ಕೆಳಭಾಗಕ್ಕೆ ಕೂಡಿಕೊಳ್ಳುತ್ತದೆ. ಆಗ ಪಕ್ಕದ ಸಾಲಿನ ಮೇಲ್ಭಾಗ ಒಂಟಿಯಾಗುತ್ತದೆ. ಅದು ಮತ್ತೊಂದಕ್ಕೆ ಕೂಡಿಕೊಳ್ಳುತ್ತದೆ. ಯಾವ ಪರಮಾಣುವೂ ದೂರ ಹೋಗುವುದಿಲ್ಲ. ತಪ್ಪು ಮಾತ್ರ ಗದ್ದೆಯ ಈ ಬದಿಯಿಂದ ಆ ಬದಿಗೆ ದಾಟಿಬಿಡುತ್ತದೆ. ದಾಟಿ ಮುಗಿದಾಗ ಮೇಲಿನ ಅರ್ಧ ಕೆಳಗಿನ ಅರ್ಧಕ್ಕಿಂತ ಒಂದು ಸಾಲಿನಷ್ಟು ಜಾರಿರುತ್ತದೆ.

ಇದರಿಂದ ಬಲ ಹೇಗೆ ಉಳಿಯುತ್ತದೆ? ಅಂಗಳದಲ್ಲಿ ಹಾಸಿದ ದೊಡ್ಡ ಟರ್ಪಾಲನ್ನು ಒಂದು ಗೇಣು ಆಚೆ ಸರಿಸಬೇಕು ಎಂದಿಟ್ಟುಕೊಳ್ಳಿ. ಮಳೆ ನೆನೆದು ಭಾರವಾಗಿದೆ. ಒಟ್ಟಿಗೆ ಎಳೆದರೆ ಮಿಸುಕುವುದಿಲ್ಲ. ಒಂದು ಬದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ತಳ್ಳುತ್ತ ಹೋದರೆ ಒಬ್ಬರೇ ಸಾಕು. ಸುಕ್ಕು ಆ ಬದಿ ಮುಟ್ಟಿದಾಗ ಇಡೀ ಟರ್ಪಾಲು ಸರಿದಿರುತ್ತದೆ. ಲೋಹದ ಸಾಲುತಪ್ಪು ಈ ಸುಕ್ಕಿನ ಕೆಲಸ ಮಾಡುತ್ತದೆ.

ಇದು ಕಾಗದದ ಮೇಲಿನ ಕಲ್ಪನೆ ಮಾತ್ರವೇ ಎಂಬ ಸಂಶಯ ಇಪ್ಪತ್ತು ವರ್ಷ ಇತ್ತು. 1956ರಲ್ಲಿ ಕೇಂಬ್ರಿಜ್‌ನಲ್ಲಿ ಪೀಟರ್ ಹರ್ಷ್ ಮತ್ತು ಜೊತೆಗಾರರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಇಟ್ಟು ನೋಡಿದರು. ಸಾಲುತಪ್ಪುಗಳು ಗೆರೆಗಳಾಗಿ ಕಂಡವು, ಕಣ್ಣೆದುರೇ ಓಡಾಡಿದವು.

ಆದ್ದರಿಂದ ಒಂದು ಮಾತು ನೆನಪಿಡಿ. ಲೋಹ ಬಾಗುವುದು ಎಂದರೆ ಸಾಲುತಪ್ಪುಗಳು ಓಡುವುದು. ಲೋಹವನ್ನು ಬಲಪಡಿಸುವುದು ಎಂದರೆ ಅವುಗಳ ಓಟಕ್ಕೆ ಅಡ್ಡ ಹಾಕುವುದು.

ಹುಣಿ ಅಡ್ಡ ನಿಲ್ಲುವುದು ಹೇಗೆ?

ಸಾಲುತಪ್ಪು ತನ್ನ ಗದ್ದೆಯಲ್ಲಿ ಒಂದು ನಿರ್ದಿಷ್ಟ ದಿಕ್ಕಿನಲ್ಲೇ ಓಡಬಲ್ಲದು. ಹುಣಿ ಬಂದಾಗ ಆಚೆ ಗದ್ದೆಯ ಸಾಲುಗಳ ದಿಕ್ಕು ಬೇರೆ. ನೇರ ಮುಂದುವರಿಯಲು ದಾರಿಯಿಲ್ಲ. ಹುಣಿಯಲ್ಲಿ ಪರಮಾಣುಗಳು ಸರಿಯಾದ ಸಾಲಿನಲ್ಲಿಯೂ ಇರುವುದಿಲ್ಲ. ಸಾಲುತಪ್ಪು ಅಲ್ಲಿ ನಿಲ್ಲುತ್ತದೆ. ಹಿಂದಿನಿಂದ ಇನ್ನೊಂದು ಬಂದು ನಿಲ್ಲುತ್ತದೆ, ಮತ್ತೊಂದು ಬರುತ್ತದೆ. ಹುಣಿಯ ಮುಂದೆ ಸರತಿ ಸಾಲು ಬೆಳೆಯುತ್ತದೆ. ಇದಕ್ಕೆ ಪೈಲ್-ಅಪ್ ಎನ್ನುತ್ತಾರೆ.

ಈ ಸರತಿಯ ಉದ್ದವೇ ಇಲ್ಲಿ ಮುಖ್ಯ. ಲಕ್ಷದೀಪದ ಹೊತ್ತಿಗೆ ಧರ್ಮಸ್ಥಳದಲ್ಲಿ ದರ್ಶನದ ಸರತಿಯಲ್ಲಿ ನಿಂತವರಿಗೆ ಇದು ಗೊತ್ತು. ಹಿಂದಿರುವ ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪವೇ ತಳ್ಳಿದರೂ ಎಲ್ಲರ ಒತ್ತಡ ಸೇರಿ ಮುಂದೆ ನಿಂತವರ ಮೇಲೆ ಬೀಳುತ್ತದೆ. ಸರತಿ ಉದ್ದವಾದಷ್ಟೂ ಮುಂದಿನ ಗೇಟಿನ ಮೇಲೆ ಒತ್ತಡ ಹೆಚ್ಚು. ಲೋಹದಲ್ಲೂ ಹೀಗೆಯೇ. ದೊಡ್ಡ ಕಣದಲ್ಲಿ ಉದ್ದನೆಯ ಸರತಿಗೆ ಜಾಗವಿದೆ. ಹೊರಗಿನಿಂದ ಬೀಳುವ ಬಲ ಕಡಿಮೆಯಿದ್ದರೂ ಸರತಿಯ ಒತ್ತಡ ಸೇರಿ ಆಚೆ ಕಣದಲ್ಲಿ ಹೊಸ ಸಾಲುತಪ್ಪು ಹೊರಡುತ್ತದೆ. ಲೋಹ ಬಾಗುತ್ತದೆ. ಕಣ ಸಣ್ಣದಾದರೆ ಸರತಿಯೂ ಸಣ್ಣದು. ಆಚೆ ಕಣವನ್ನು ಕದಲಿಸಲು ಹೊರಗಿನಿಂದ ಹೆಚ್ಚು ಬಲ ಹಾಕಲೇಬೇಕು. ಲೋಹ ಗಟ್ಟಿಯಾಗಿದೆ ಎಂದು ನಮಗೆ ಅನಿಸುವುದು ಇದರಿಂದಲೇ.

ಎಲ್ಲ ಹುಣಿಗಳೂ ಒಂದೇ ರೀತಿ ತಡೆಯುತ್ತವೆಯೇ? ಇಲ್ಲ. ಎರಡು ಗದ್ದೆಗಳ ಸಾಲುಗಳ ದಿಕ್ಕಿನಲ್ಲಿ ಸುಮಾರು 15 ಡಿಗ್ರಿಗಿಂತ ಕಡಿಮೆ ವ್ಯತ್ಯಾಸವಿದ್ದರೆ ಹುಣಿ ಬಹಳ ತಗ್ಗು. ಸಾಲುತಪ್ಪು ಅದನ್ನು ಹೆಚ್ಚು ಕಷ್ಟವಿಲ್ಲದೆ ದಾಟೀತು. ದಿಕ್ಕು ಹೆಚ್ಚು ಬೇರೆಯಾದಷ್ಟೂ ಸಾಮಾನ್ಯವಾಗಿ ತಡೆ ಹೆಚ್ಚು. ಇನ್ನು ಕೆಲವು ವಿಶೇಷ ಕೋನಗಳಲ್ಲಿ ಎರಡೂ ಕಡೆಯ ಪರಮಾಣುಗಳಲ್ಲಿ ಕೆಲವು ಒಂದರ ಮೇಲೊಂದು ಸರಿಯಾಗಿ ಹೊಂದಿಕೊಳ್ಳುತ್ತವೆ. ಇಂಥ ಹುಣಿಗಳ ಗುಣವೇ ಬೇರೆ. ಈ ಹೊಂದಿಕೆಯ ಗಣಿತವನ್ನು 1966ರಲ್ಲಿ ಬರೆದವರು ಎಸ್. ರಂಗನಾಥನ್. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಜಗತ್ತಿನಾದ್ಯಂತ ಈ ವಿಷಯ ಕಲಿಯುವವರು ಇಂದಿಗೂ ಅವರ ಸೂತ್ರವನ್ನು ಬಳಸುತ್ತಾರೆ.

ಎಷ್ಟು ಸಣ್ಣದಾದರೆ ಎಷ್ಟು ಬಲ?

ಇದಕ್ಕೆ ಲೆಕ್ಕವಿದೆ. 1951ರಲ್ಲಿ ಇ. ಒ. ಹಾಲ್, 1953ರಲ್ಲಿ ಎನ್. ಜೆ. ಪೆಚ್ ಎಂಬ, ಬ್ರಿಟನ್ನಿನಲ್ಲಿದ್ದ ಇಬ್ಬರು ಸಂಶೋಧಕರು ಕಬ್ಬಿಣ ಮತ್ತು ಉಕ್ಕನ್ನು ಪರೀಕ್ಷಿಸಿ ಇದನ್ನು ಕಂಡುಕೊಂಡರು. ಹಾಲ್-ಪೆಚ್ ನಿಯಮ ಎಂದು ಇದರ ಹೆಸರು. ಸುಲಭವಾಗಿ ಹೇಳುವುದಾದರೆ, ಕಣದ ಅಳತೆಯನ್ನು ಕಾಲು ಭಾಗಕ್ಕೆ ಇಳಿಸಿದರೆ ಹುಣಿಗಳು ಕೊಡುವ ಬಲ ಎರಡು ಪಟ್ಟಾಗುತ್ತದೆ.

ಮೆದು ಉಕ್ಕಿಗೆ ಸಾಮಾನ್ಯವಾಗಿ ಬಳಸುವ ಅಂಕಿಗಳನ್ನು ಹಾಕಿ ನೋಡೋಣ. ಕಣ 100 ಮೈಕ್ರಾನ್ ಇದ್ದಾಗ ಉಕ್ಕು ಒಂದು ಚದರ ಮಿಲಿಮೀಟರಿಗೆ ಸುಮಾರು 140 ನ್ಯೂಟನ್ ಬಲದವರೆಗೆ ತಡೆದು, ಆಮೇಲೆ ಬಾಗಲು ಶುರುವಾಗುತ್ತದೆ. ಕಣ 25 ಮೈಕ್ರಾನಿಗೆ ಇಳಿದರೆ ಅದು ಸುಮಾರು 210 ಆಗುತ್ತದೆ. 6 ಮೈಕ್ರಾನಿನ ಸಮೀಪಕ್ಕೆ ಇಳಿದರೆ ಸುಮಾರು 350. ಉಕ್ಕು ಅದೇ. ಹುಣಿಗಳ ಸಂಖ್ಯೆ ಮಾತ್ರ ಹೆಚ್ಚಾಗಿದೆ. ಹೀಗೆ ಮರಳಿ ನೆಟ್ಟಗಾಗದಂತೆ ಬಾಗಲು ಶುರುವಾಗುವ ಮಟ್ಟವನ್ನು ಯೀಲ್ಡ್ ಸ್ಟ್ರೆಂತ್ ಎನ್ನುತ್ತಾರೆ. ಸರಳು ಕೊಳ್ಳುವಾಗ ಈ ಪದ ಮತ್ತೆ ಬರುತ್ತದೆ.

ಬೇರೆ ದಾರಿಗಳಿಲ್ಲವೇ?

ಇವೆ. ಆದರೆ ಅವು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತವೆ.

ಒಂದು ದಾರಿ, ಲೋಹವನ್ನು ತಣ್ಣಗಿದ್ದಾಗಲೇ ಬಡಿಯುವುದು, ತಿರುಚುವುದು, ಎಳೆಯುವುದು. ಹಾಗೆ ಮಾಡಿದಾಗ ಸಾಲುತಪ್ಪುಗಳು ಲೆಕ್ಕವಿಲ್ಲದಷ್ಟು ಹುಟ್ಟಿ, ಒಂದಕ್ಕೊಂದು ಸಿಕ್ಕು ಬೀಳುತ್ತವೆ. ಮೆದು ಲೋಹದ ಒಂದು ಘನ ಸೆಂಟಿಮೀಟರಿನಲ್ಲಿ ಸಾಲುತಪ್ಪಿನ ಗೆರೆಗಳ ಒಟ್ಟು ಉದ್ದ ನೂರಾರು ಕಿಲೋಮೀಟರ್ ಇರಬಹುದು. ಚೆನ್ನಾಗಿ ಜಜ್ಜಿದ ಮೇಲೆ ಅದು 10 ಲಕ್ಷ ಕಿಲೋಮೀಟರನ್ನೂ ಮೀರಬಹುದು. ಅಷ್ಟು ಸಿಕ್ಕಿನ ನಡುವೆ ಯಾವುದೂ ಓಡಲಾರದು. ಲೋಹ ಗಟ್ಟಿಯಾಗುತ್ತದೆ. ಆದರೆ ಮತ್ತೆ ಬಾಗಿಸಹೋದರೆ ಬಾಗದೆ ಮುರಿಯುತ್ತದೆ.

ಇದನ್ನು ನೀವು ಮನೆಯಲ್ಲೇ ನೋಡಬಹುದು. ಪ್ಲಾಸ್ಟಿಕ್ ಸುಲಿದ ದಪ್ಪ ತಾಮ್ರದ ತಂತಿಯ ತುಂಡೊಂದನ್ನು ಅದೇ ಜಾಗದಲ್ಲಿ ಅತ್ತಿತ್ತ ಬಾಗಿಸಿ. ನಾಲ್ಕೈದು ಸಲದ ಮೇಲೆ ಬೆರಳಿಗೆ ಬಿಗಿ ಗೊತ್ತಾಗುತ್ತದೆ. ಈಗ ಇಕ್ಕುಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಕೆಂಪಾಗುವ ತನಕ ಕಾಯಿಸಿ, ಪೂರ್ತಿ ಆರಲು ಬಿಡಿ. ತಂತಿ ಮೊದಲಿನಂತೆ ಮೆದುವಾಗಿರುತ್ತದೆ. ಶಾಖಕ್ಕೆ ಸಿಕ್ಕು ಬಿಡಿಸಿಕೊಂಡು ಹೊಸ ಕಣಗಳು ಹುಟ್ಟಿವೆ. ಈ ಕಾಯಿಸುವಿಕೆಗೆ ಅನೀಲಿಂಗ್ ಎಂದು ಹೆಸರು. ತಾಮ್ರದ ಹಂಡೆ ಬಡಿಯುವವರು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದು ಇದೇ ಕಾರಣಕ್ಕೆ. ಬೈಂಡಿಂಗ್ ವೈರನ್ನೂ ಕಾರ್ಖಾನೆಯಲ್ಲಿ ಹೀಗೆ ಕಾಯಿಸಿ ಮೆದು ಮಾಡಿಯೇ ಮಾರುತ್ತಾರೆ. ವೈರು ಅಷ್ಟು ಸುಲಭವಾಗಿ ತಿರುಗುವುದೇಕೆ ಎಂಬ ಆರಂಭದ ಪ್ರಶ್ನೆಗೆ ಉತ್ತರ ಇದೇ. ಎಚ್ಚರಿಕೆ: ಸತು ಬಳಿದ ತಂತಿಯನ್ನು ಮಾತ್ರ ಹೀಗೆ ಕಾಯಿಸಬೇಡಿ. ಅದರ ಹೊಗೆ ಒಳ್ಳೆಯದಲ್ಲ.

ಹಿಂದೆ ಮನೆಗಳಿಗೆ ಹಾಕುತ್ತಿದ್ದ, ಹಗ್ಗದಂತೆ ತಿರುಚಿದ ಟೋರ್ ಸರಳು ಕೆಲವರಿಗೆ ನೆನಪಿರಬಹುದು. ಅದು ತಣ್ಣಗೆ ತಿರುಚಿ ಬಲ ಬರಿಸಿದ ಸರಳು. ಬಲ ಬಂತು, ಹಿಗ್ಗುವ ಗುಣ ಹೋಯಿತು.

ಕಣ ಸಣ್ಣದು ಮಾಡುವ ದಾರಿಯ ಹೆಚ್ಚುಗಾರಿಕೆ ಇಲ್ಲಿಯೇ ಇದೆ. ಲೋಹವನ್ನು ಬಲಪಡಿಸುವ ದಾರಿಗಳಲ್ಲಿ ಬಲವನ್ನೂ, ಮುರಿಯದೆ ತಾಳುವ ಗುಣವನ್ನೂ ಒಟ್ಟಿಗೆ ಹೆಚ್ಚಿಸುವುದು ಇದೊಂದೇ. ಕಾರಣ ಸರಳ. ಸಣ್ಣ ಸರತಿಯ ತುದಿಯಲ್ಲಿ ಬಿರುಕು ಹುಟ್ಟುವಷ್ಟು ಒತ್ತಡ ಸೇರುವುದಿಲ್ಲ. ಬಿರುಕು ಹುಟ್ಟಿದರೂ ಅದು ಪ್ರತಿ ಹುಣಿಯಲ್ಲೂ ದಿಕ್ಕು ಬದಲಿಸಬೇಕು. 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ, ಬಂದರಿನಲ್ಲಿ ಸುಮ್ಮನೆ ನಿಂತಿದ್ದ ಶೆನೆಕ್ಟಡಿ ಎಂಬ ಹೊಸ ಹಡಗು ಚಳಿಯಲ್ಲಿ ನಡುವೆ ಬಿರಿಯಿತು. ಆ ಕಾಲದ ಇಂಥ ದುರಂತಗಳೇ ಉಕ್ಕಿನ ಬಿರುಕಿನ ಬಗ್ಗೆ, ಕಣಗಳ ಬಗ್ಗೆ ಆಳವಾಗಿ ಯೋಚಿಸುವಂತೆ ಮಾಡಿದವು.

ಟಿಎಂಟಿ ಸರಳಿನೊಳಗೆ ಏನಿದೆ?

ಈಗ ಅಂಗಡಿಯಲ್ಲಿ ಸಿಗುವುದು ಟಿಎಂಟಿ. ಥರ್ಮೋ ಮೆಕ್ಯಾನಿಕಲಿ ಟ್ರೀಟೆಡ್, ಎಂದರೆ ಶಾಖ ಮತ್ತು ಒತ್ತಡ ಎರಡನ್ನೂ ಲೆಕ್ಕ ಹಾಕಿ ಹದ ಮಾಡಿದ ಸರಳು.

ಉಕ್ಕಿನ ಗಟ್ಟಿಯನ್ನು 1,100 ರಿಂದ 1,200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಉರುಳೆಗಳ ನಡುವೆ ತೂರಿಸುತ್ತಾರೆ. ಪ್ರತಿ ಉರುಳೆಯ ಒತ್ತಿಗೂ ಹಳೆಯ ಕಣಗಳು ನಜ್ಜುಗುಜ್ಜಾಗಿ ಹೊಸ, ಸಣ್ಣ ಕಣಗಳು ಹುಟ್ಟುತ್ತವೆ. ಕೊನೆಯ ಉರುಳೆಯಿಂದ ಸರಳು ಸುಮಾರು 950 ರಿಂದ 1,000 ಡಿಗ್ರಿಯಲ್ಲಿ ಹೊರಬಂದ ಕೂಡಲೇ ಅದರ ಮೇಲೆ ರಭಸದಿಂದ ನೀರು ಹಾಯಿಸುತ್ತಾರೆ. ಹೊರಮೈ ಕ್ಷಣದಲ್ಲಿ ತಣ್ಣಗಾಗಿ ಮಾರ್ಟೆನ್‌ಸೈಟ್ ಎಂಬ ಬಹಳ ಗಟ್ಟಿ ರೂಪಕ್ಕೆ ತಿರುಗುತ್ತದೆ. ಇದರೊಳಗೆ ಅತಿ ಸಣ್ಣ ಪಟ್ಟಿಗಳು, ಲೆಕ್ಕವಿಲ್ಲದಷ್ಟು ಗಡಿಗಳು. ನಡುಭಾಗ ಇನ್ನೂ ಕೆಂಪಗೆ ಇರುತ್ತದೆ. ಅದರ ಶಾಖ ಹೊರಕ್ಕೆ ಬಂದು, ಗಟ್ಟಿಯಾದ ಹೊರಮೈಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಹದ ಮಾಡುತ್ತದೆ. ನಡುಭಾಗ ಆಮೇಲೆ ನಿಧಾನವಾಗಿ ಆರಿ ಸಣ್ಣ ಕಣಗಳ ಮೆದು ಉಕ್ಕಾಗುತ್ತದೆ. ಹೊರಗೆ ಬಲ, ಒಳಗೆ ಬಾಗುವ ಗುಣ.

ಕೆಲವು ಕಾರ್ಖಾನೆಗಳು ನಿಯೋಬಿಯಂ, ವೆನೇಡಿಯಂ ಎಂಬ ಲೋಹಗಳನ್ನು ಚಿಟಿಕೆಯಷ್ಟು ಸೇರಿಸುತ್ತವೆ. ಅವು ಇಂಗಾಲದೊಡನೆ ಸೇರಿ ಹುಣಿಗಳ ಮೇಲೆ ಗೂಟದಂತೆ ಕೂತು, ಶಾಖದಲ್ಲಿ ಕಣಗಳು ದೊಡ್ಡದಾಗದಂತೆ ತಡೆಯುತ್ತವೆ.

ಕುಲುಮೆಯಲ್ಲೂ ಇದೇ ಪಾಠ

ನಮ್ಮ ಊರಿನ ಆಚಾರ್ರು ಲಾರಿಯ ಹಳೆ ಪ್ಲೇಟಿನಿಂದ ಕತ್ತಿ ಮಾಡುವಾಗ ಕಬ್ಬಿಣದ ಬಣ್ಣ ನೋಡುತ್ತ ಕೂರುತ್ತಾರೆ. ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿದರೆ ಕಬ್ಬಿಣ ಕೆಟ್ಟಿತು ಎನ್ನುತ್ತಾರೆ. ಆ ಮಾತಿನ ಅರ್ಥ ಈಗ ನಮಗೆ ತಿಳಿಯುತ್ತದೆ. ಶಾಖ ಅತಿಯಾದರೆ ಸಣ್ಣ ಗದ್ದೆಗಳು ಸೇರಿ ದೊಡ್ಡ ಗದ್ದೆಗಳಾಗುತ್ತವೆ. ಹುಣಿಗಳು ಕಡಿಮೆಯಾಗುತ್ತವೆ. ಅಂಥ ಕತ್ತಿಯನ್ನು ನೀರಿಗೆ ಅದ್ದಿ ಹದ ಹಾಕಿದರೆ ಬಾಯಿ ಗಟ್ಟಿಯಾಗುತ್ತದೆ, ಆದರೆ ಒಂದು ಗಂಟು ಕಡಿಯುವಷ್ಟರಲ್ಲಿ ಚಕ್ಕೆ ಏಳುತ್ತದೆ.

ಮುರಿದ ತುಂಡಿನ ಬಾಯಿ ನೋಡಿದರೆ ತಿಳಿಯುತ್ತದೆ. ಸಕ್ಕರೆ ಹರಳಿನಂತೆ ಮಿನುಗುತ್ತಿದ್ದರೆ ಕಣ ದೊಡ್ಡದು. ಬೂದು ಬಣ್ಣದಲ್ಲಿ ಮಖಮಲ್ಲಿನಂತೆ ನುಣ್ಣಗಿದ್ದರೆ ಕಣ ಸಣ್ಣದು. ಕೆಂಪಗೆ ಕಾಯಿಸಿ ನೀರಿಗೆ ಹಾಕದೆ ಗಾಳಿಯಲ್ಲೇ ಆರಲು ಬಿಟ್ಟರೆ ದೊಡ್ಡದಾದ ಕಣಗಳು ಮತ್ತೆ ಸಣ್ಣದಾಗುತ್ತವೆ. ಇದಕ್ಕೆ ನಾರ್ಮಲೈಸಿಂಗ್ ಎನ್ನುತ್ತಾರೆ. ಅನುಭವಿ ಕೈಗಳು ಹದ ಹಾಕುವ ಮೊದಲು ಇದನ್ನು ಒಂದೆರಡು ಸಲ ಮಾಡುತ್ತವೆ.

ಹುಣಿ ಯಾವಾಗಲೂ ಒಳ್ಳೆಯದೇ?

ಅಲ್ಲ. ಮೂರು ಕಡೆ ಅದರ ಕೆಲಸ ತಿರುಗುತ್ತದೆ.

ಮೊದಲನೆಯದು ಅತಿ ಶಾಖ. ಲೋಹ ಬಹಳ ಕಾದಾಗ ಕಣಗಳು ಹುಣಿಯ ಗುಂಟವೇ ಜಾರತೊಡಗುತ್ತವೆ. ಅದಕ್ಕೇ ವಿಮಾನ ಎಂಜಿನಿನ ಟರ್ಬೈನ್ ಬ್ಲೇಡನ್ನು ಹುಣಿಯೇ ಇಲ್ಲದ ಒಂಟಿ ಸ್ಫಟಿಕವಾಗಿ ಎರಕ ಹೊಯ್ಯುತ್ತಾರೆ. 2021ರಲ್ಲಿ ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯ ಇಂಥ 60 ಬ್ಲೇಡುಗಳನ್ನು ಹೆಲಿಕಾಪ್ಟರ್ ಎಂಜಿನಿಗಾಗಿ ಎಚ್‌ಎಎಲ್‌ಗೆ ಕೊಟ್ಟಿತು.

ಎರಡನೆಯದು ಅತಿ ಸಣ್ಣ ಕಣ. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗೆ ನ್ಯಾನೋಮೀಟರ್ ಎನ್ನುತ್ತಾರೆ. ಕಣ 10 ರಿಂದ 20 ನ್ಯಾನೋಮೀಟರಿಗಿಂತ ಸಣ್ಣದಾದರೆ ಗದ್ದೆಗಿಂತ ಹುಣಿಯೇ ಹೆಚ್ಚಾದಂತೆ. ಆಗ ಬಲ ಏರುವ ಬದಲು ಇಳಿಯಬಹುದು.

ಮೂರನೆಯದು ತುಕ್ಕು. ಸಾಮಾನ್ಯ 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲನ್ನು ವೆಲ್ಡ್ ಮಾಡುವಾಗ ಪಕ್ಕದ ಭಾಗ 450 ರಿಂದ 850 ಡಿಗ್ರಿಯ ನಡುವೆ ಬಹಳ ಹೊತ್ತು ಇದ್ದರೆ, ಅಲ್ಲಿನ ಕ್ರೋಮಿಯಂ ಹುಣಿಗಳಿಗೆ ಬಂದು ಇಂಗಾಲದೊಡನೆ ಸೇರುತ್ತದೆ. ಹುಣಿಯ ಅಕ್ಕಪಕ್ಕ ಕ್ರೋಮಿಯಂ ಇಲ್ಲದಂತಾಗಿ ತುಕ್ಕು ಅಲ್ಲಿಂದಲೇ ನುಗ್ಗುತ್ತದೆ. ವೆಲ್ಡಿಂಗ್ ಹೆಚ್ಚಿರುವ ದಪ್ಪ ಕೆಲಸಕ್ಕೆ ಇಂಗಾಲ ಕಡಿಮೆಯಿರುವ 304ಎಲ್ ಕೇಳುವುದು ಇದಕ್ಕೇ.

ಕೊಳ್ಳುವಾಗ ಏನು ನೋಡಬೇಕು, ಎಷ್ಟು ಖರ್ಚು?

ಸರಳಿಗೆ ಭಾರತೀಯ ಮಾನಕ ಐಎಸ್ 1786. ಸರಳಿನ ಮೇಲೆ ಎಫ್‌ಇ 500, ಎಫ್‌ಇ 500ಡಿ, ಎಫ್‌ಇ 550 ಎಂದೆಲ್ಲ ಅಚ್ಚು ಇರುತ್ತದೆ. ಎಫ್‌ಇ ಎಂದರೆ ಕಬ್ಬಿಣ. ಅಂಕಿ ಎಂದರೆ ಯೀಲ್ಡ್ ಸ್ಟ್ರೆಂತ್, ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು. 500 ಗ್ರೇಡಿನ ಒಂದು 12 ಎಂಎಂ ಸರಳು ಮರಳಿ ಬಾರದಂತೆ ಹಿಗ್ಗದೆ ಸುಮಾರು ಐದೂಮುಕ್ಕಾಲು ಟನ್ ಎಳೆತ ತಾಳಬೇಕು.

ಡಿ ಎಂದರೆ ಡಕ್ಟಿಲಿಟಿ, ಮುರಿಯುವ ಮೊದಲು ಹಿಗ್ಗುವ ಗುಣ. ಎಫ್‌ಇ 500 ಕನಿಷ್ಠ ಶೇಕಡಾ 12ರಷ್ಟು ಹಿಗ್ಗಬೇಕು, 500ಡಿ ಕನಿಷ್ಠ 16ರಷ್ಟು. ಎಫ್‌ಇ 550 ಕನಿಷ್ಠ 10ರಷ್ಟು ಹಿಗ್ಗಿದರೆ ಸಾಕು, 550ಡಿ ಆದರೆ 14.5. ಆದ್ದರಿಂದ ಅಂಕಿ ದೊಡ್ಡದಾದ ಮಾತ್ರಕ್ಕೆ ಸರಳು ಮೇಲು ಎಂದು ತಿಳಿಯಬೇಡಿ. ಹಿಗ್ಗುವ ಸರಳು ಮುರಿಯುವ ಮೊದಲು ಮುನ್ಸೂಚನೆ ಕೊಡುತ್ತದೆ. ಗೋಡೆ, ತೊಲೆಗಳು ಬಿರುಕು ಬಿಟ್ಟು ತೋರಿಸುತ್ತವೆ. ಯಾವ ಗ್ರೇಡು ಬೇಕೆಂದು ನಕ್ಷೆ ಮಾಡಿದ ಎಂಜಿನಿಯರ್ ಬರೆದಿರುತ್ತಾರೆ. ಅದನ್ನೇ ಕೊಳ್ಳಿ.

ಸಾಮಾನ್ಯ ಮನೆಗೆ ಚದರಡಿಗೆ 3.5 ರಿಂದ 4 ಕಿಲೋ ಸರಳು ಎಂಬ ಅಂದಾಜು ರೂಢಿಯಲ್ಲಿದೆ. 1,000 ಚದರಡಿಗೆ ಸುಮಾರು 4 ಟನ್. ಸರಳಿನ ದರ ದಿನದಿನಕ್ಕೆ ಏರಿಳಿಯುತ್ತದೆ. ಆದ್ದರಿಂದ ದರವನ್ನಲ್ಲ, ವ್ಯತ್ಯಾಸವನ್ನು ಲೆಕ್ಕ ಹಾಕಿ. ಒಳ್ಳೆಯ ಗ್ರೇಡಿಗೆ ಕಿಲೋಗೆ 2 ರೂಪಾಯಿ ಹೆಚ್ಚೆಂದರೆ ಇಡೀ ಮನೆಗೆ 8,000 ರೂಪಾಯಿ ಹೆಚ್ಚು. ಹೇಳಿದ ದರದಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿ.

ತೂಕ ನೀವೇ ನೋಡಬಹುದು. ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮೀಟರಿನ ಒಂದು 12 ಎಂಎಂ ಸರಳು ಸುಮಾರು 10.66 ಕಿಲೋ ತೂಗಬೇಕು. ಮಾನಕ ಬಿಟ್ಟ ಅಲ್ಪ ಸಡಿಲಿಗಿಂತ ಹೆಚ್ಚು ಕಡಿಮೆಯಾದರೆ ಕೇಳಿ.

ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ಸಂಖ್ಯೆ ಒತ್ತಿದರೆ ತಯಾರಕರ ಹೆಸರು ಬರುತ್ತದೆ. ಅಂಗಡಿಯವರ ಬಳಿ ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಕೇಳುವುದು ನಿಮ್ಮ ಹಕ್ಕು.

ಸೈಟಿನಲ್ಲಿ ಇದನ್ನು ಮಾಡಬೇಡಿ

ಸರಳನ್ನು ಬೆಂಕಿಯಲ್ಲಿ ಕಾಯಿಸಿ ಬಾಗಿಸಬಾರದು. ನೀರು ಹಾಯಿಸಿ ಬರಿಸಿದ ಹೊರಮೈಯ ಬಲ ಶಾಖಕ್ಕೆ ಕರಗಿಹೋಗುತ್ತದೆ.

ಒಮ್ಮೆ ಬಾಗಿಸಿದ್ದನ್ನು ನೆಟ್ಟಗೆ ಮಾಡಿ ಅದೇ ಜಾಗದಲ್ಲಿ ಮತ್ತೆ ಬಾಗಿಸಬಾರದು. ತಾಮ್ರದ ತಂತಿಯಲ್ಲಿ ಕಂಡದ್ದೇ ಅಲ್ಲಿಯೂ ನಡೆಯುತ್ತದೆ.

ತೀರಾ ಚೂಪಾಗಿ, ಒಂದೇ ಏಟಿಗೆ ಬಾಗಿಸಬಾರದು. ದಪ್ಪಕ್ಕೆ ತಕ್ಕ ಗುಂಡಗಿನ ಗೂಟಕ್ಕೆ ಒರಗಿಸಿ ಬಾಗಿಸಲು ಹೇಳಿ.

ಎಂಜಿನಿಯರ್ ಹೇಳದೆ ಸರಳಿಗೆ ವೆಲ್ಡಿಂಗ್ ಬೇಡ.

ಮಳೆಗಾಲ ದಾಟಿಸಬೇಕಾದರೆ ನೆಲದಿಂದ ಮೇಲೆ ಮರದ ತುಂಡುಗಳ ಮೇಲಿಟ್ಟು ಮುಚ್ಚಿ. ತೆಳುವಾದ ಕೆಂಪು ತುಕ್ಕಿಗೆ ಹೆದರಬೇಕಿಲ್ಲ. ಹೊಪ್ಪಳೆ ಏಳುವಷ್ಟಾದರೆ ಉಜ್ಜಿ ತೆಗೆದು ಎಂಜಿನಿಯರಿಗೆ ತೋರಿಸಿ. ಟಿಎಂಟಿಯ ಬಲ ಹೊರಮೈಯಲ್ಲಿದೆ. ತುಕ್ಕು ಮೊದಲು ತಿನ್ನುವುದೂ ಅದನ್ನೇ.

ಕಣಗಳನ್ನು ಎಲ್ಲಿ ನೋಡಬಹುದು?

ದೂರ ಹೋಗಬೇಕಿಲ್ಲ. ಮೂಡುಬಿದಿರೆ ಬಳಿಯ ಮಿಜಾರಿನಲ್ಲಿ ಆಳ್ವಾಸ್ ಎಂಜಿನಿಯರಿಂಗ್ ಕಾಲೇಜು ಮತ್ತು ಮೈಟ್ ಕಾಲೇಜು ಇವೆ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಎಸ್‌ಡಿಎಂ ತಾಂತ್ರಿಕ ಕಾಲೇಜಿದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಯುವವರಿಗೆ ಲೋಹದ ತುಂಡನ್ನು ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಪಾಠದ ಭಾಗವೇ. ಇನ್ನೂ ಆಳವಾಗಿ ತಿಳಿಯಬೇಕಾದರೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹಶಾಸ್ತ್ರಕ್ಕೇ ಒಂದು ವಿಭಾಗವಿದೆ. ಶಾಲೆಯ ಮಕ್ಕಳನ್ನು ಕರೆದೊಯ್ಯುವುದಾದರೆ ಮುಂಚಿತವಾಗಿ ಪತ್ರ ಬರೆದು ಅನುಮತಿ ಕೇಳಿ. ಸರಳಿನ ಬಲವನ್ನು ಅಧಿಕೃತವಾಗಿ ಪರೀಕ್ಷಿಸಬೇಕಾದರೆ ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕೊಡಿ. ಎಷ್ಟು ಉದ್ದದ ತುಂಡು ಬೇಕು, ಶುಲ್ಕ ಎಷ್ಟು ಎಂದು ಫೋನಿನಲ್ಲೇ ಕೇಳಿಕೊಳ್ಳಿ.

ಪ್ರಯೋಗಾಲಯದಲ್ಲಿ ಸರಳಿನ ತುಂಡನ್ನು ಒರಟು ಎಮರಿ ಕಾಗದದಿಂದ ಶುರುಮಾಡಿ ನಯವಾದ ಕಾಗದದವರೆಗೆ, ಕನ್ನಡಿಯಂತಾಗುವ ತನಕ ಉಜ್ಜುತ್ತಾರೆ. ಆಗ ಏನೂ ಕಾಣುವುದಿಲ್ಲ. ಆಮೇಲೆ ಮದ್ಯಸಾರದಲ್ಲಿ ಬೆರೆಸಿದ ನೈಟ್ರಿಕ್ ಆಮ್ಲವನ್ನು ಕೆಲವು ಸೆಕೆಂಡು ತಾಗಿಸುತ್ತಾರೆ. ಇದನ್ನು ಮನೆಯಲ್ಲಿ ಮಾಡಲೇಬಾರದು. ಸರಿಯಾಗಿ ಹದ ಮಾಡಿದ ಟಿಎಂಟಿಯಾದರೆ ಬರಿಗಣ್ಣಿಗೇ ಹೊರಗೆ ಕಪ್ಪು ಉಂಗುರ, ಒಳಗೆ ತಿಳಿ ಬೂದು ಕಾಣುತ್ತದೆ. ಉಂಗುರ ಸುತ್ತಲೂ ಒಂದೇ ಸಮ ಇದ್ದರೆ ನೀರು ಸರಿಯಾಗಿ ಬಿದ್ದಿದೆ ಎಂದರ್ಥ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಡುಭಾಗ ನೋಡಿ. ಆಮ್ಲ ಹುಣಿಗಳನ್ನು ಹೆಚ್ಚು ತಿಂದಿರುವುದರಿಂದ ಅವು ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ. ಗೆರೆಗಳ ನಡುವೆ ಚಿಕ್ಕ ಚಿಕ್ಕ ಗದ್ದೆಗಳು, ಗಡಾಯಿಕಲ್ಲಿನ ಮೇಲಿಂದ ಕಂಡಂತೆಯೇ. ಗದ್ದೆ ಚಿಕ್ಕದಿದ್ದು ಹುಣಿ ಹೆಚ್ಚಿದ್ದರೆ, ನಿಮ್ಮ ತಲೆಯ ಮೇಲಿನ ಸ್ಲ್ಯಾಬಿಗೆ ಒಳ್ಳೆಯ ಸರಳು ಬಿದ್ದಿದೆ.